ಹೊಡೆತಕ್ಕೆ ತಕ್ಕ ಬಾಗು: ಹಾಕಿ ಸ್ಟಿಕ್ ಆರಿಸುವ ಬಗೆ

ಹಾಕಿ ಸ್ಟಿಕ್ ಕೊಳ್ಳಲು ಅಂಗಡಿಗೆ ಹೋದವರು ಸಾಮಾನ್ಯವಾಗಿ ಮೊದಲು ಉದ್ದ ನೋಡುತ್ತಾರೆ, ಅನಂತರ ತೂಕ, ಕೊನೆಗೆ ಬೆಲೆ. ಸ್ಟಿಕ್ಕಿನ ಬಾಗನ್ನು ಕುರಿತು ವಿಚಾರಿಸುವವರು ಕಡಿಮೆ. ವಿಚಾರಿಸಿದರೂ ‘ಲೋ ಬೋ ಕೊಡಿ’ ಎಂಬ ಒಂದೇ ಮಾತಿನಲ್ಲಿ ವ್ಯವಹಾರ ಮುಗಿದುಹೋಗುತ್ತದೆ. ಟಿ.ವಿ.ಯಲ್ಲಿ ಕಂಡ ಡ್ರ್ಯಾಗ್ ಫ್ಲಿಕ್ ಪರಿಣತರ ಕೈಯಲ್ಲಿ ಅಂಥ ಸ್ಟಿಕ್ ಇರುತ್ತದೆ ಎಂಬ ನಂಬಿಕೆಯೇ ಇದಕ್ಕೆ ಕಾರಣ. ಹೀಗೆ ಹಲವು ಸಾವಿರ ರೂಪಾಯಿ ತೆತ್ತು ಮನೆಗೆ ತಂದ ಸ್ಟಿಕ್ಕಿನಿಂದ ಹುಡುಗ ಒಂದು ಸಾಧಾರಣ ಹಿಟ್ ಹೊಡೆದರೂ ಚೆಂಡು ಎದುರಾಳಿಯ ಮೊಣಕಾಲಿನ ಎತ್ತರಕ್ಕೆ ಏಳುತ್ತದೆ. ತಪ್ಪು ಹುಡುಗನದೆಂದು ತರಬೇತುದಾರರು ಗದರಿಸುತ್ತಾರೆ. ಆದರೆ ತಪ್ಪಿನ ಅರ್ಧ ಪಾಲು ಸ್ಟಿಕ್ಕಿನ ಆಯ್ಕೆಯಲ್ಲೇ ಇರುತ್ತದೆ.

ಬಾಗು ಎಂಬುದು ಅಲಂಕಾರವಲ್ಲ. ಚೆಂಡು ನೆಲಕ್ಕಂಟಿ ಓಡಬೇಕೋ ಮೇಲೇಳಬೇಕೋ, ಸ್ಟಿಕ್ಕಿನ ಮೇಲೆ ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಆಟಗಾರನ ಕೈಯಷ್ಟೇ ಸ್ಟಿಕ್ಕಿನ ಆಕಾರವೂ ನಿರ್ಧರಿಸುತ್ತದೆ. ಆದ್ದರಿಂದ ಕೊಳ್ಳುವ ಮೊದಲು ಬಾಗಿನ ಲೆಕ್ಕ ತಿಳಿದಿರುವುದು ಒಳ್ಳೆಯದು.

ಬಾಗು ಎಂದರೆ ಯಾವುದು?

ಹಾಕಿ ಸ್ಟಿಕ್ಕಿನಲ್ಲಿ ಎರಡು ಬಗೆಯ ತಿರುವುಗಳಿವೆ. ಒಂದು, ಕೆಳತುದಿಯಲ್ಲಿ ಕೊಕ್ಕೆಯಂತೆ ಮೇಲಕ್ಕೆ ತಿರುಗಿರುವ ತಲೆ. ಇದು ಎಲ್ಲರ ಕಣ್ಣಿಗೂ ಬೀಳುವಂಥದು. ಇನ್ನೊಂದು, ಹಿಡಿಯಿಂದ ತಲೆಯವರೆಗೆ ಉದ್ದಕ್ಕೂ ಇರುವ ಸಣ್ಣ ಬಿಲ್ಲಿನಂಥ ಬಾಗು. ಸ್ಟಿಕ್ಕಿನ ಚಪ್ಪಟೆ ಮುಖವನ್ನು ಕೆಳಗೆ ಮಾಡಿ ಸಮತಟ್ಟಾದ ಮೇಜಿನ ಮೇಲೆ ಮಲಗಿಸಿದರೆ ಹಿಡಿಯ ತುದಿ ಮತ್ತು ತಲೆ ಮೇಜಿಗೆ ತಾಗುತ್ತವೆ, ನಡುಭಾಗ ಮೇಜಿನಿಂದ ಎದ್ದು ನಿಲ್ಲುತ್ತದೆ. ಆ ಸಂದಿಯ ಅತಿ ಹೆಚ್ಚಿನ ಎತ್ತರವೇ ಬಾಗಿನ ಅಳತೆ. ಆಂಗ್ಲದಲ್ಲಿ ‘ಬೋ’ ಎಂದು ಕರೆಯುವುದು ಇದನ್ನೇ.

ಇಲ್ಲಿ ಎರಡು ಅಂಶಗಳನ್ನು ಬೇರೆ ಬೇರೆಯಾಗಿ ಗಮನಿಸಬೇಕು. ಮೊದಲನೆಯದು ಬಾಗು ಎಷ್ಟು ಆಳ ಎಂಬುದು. ಎರಡನೆಯದು ಆ ಆಳ ಸ್ಟಿಕ್ಕಿನ ಯಾವ ಜಾಗದಲ್ಲಿದೆ ಎಂಬುದು. ಒಂದೇ ಆಳದ ಎರಡು ಸ್ಟಿಕ್ಕುಗಳಲ್ಲಿ ಒಂದರ ಬಾಗು ನಡುವಿನಲ್ಲಿಯೂ ಇನ್ನೊಂದರದು ತಲೆಯ ಸಮೀಪದಲ್ಲಿಯೂ ಇದ್ದರೆ, ಆಟದಲ್ಲಿ ಅವೆರಡೂ ಬೇರೆ ಬೇರೆ ಸ್ಟಿಕ್ಕುಗಳೇ. ಅನೇಕರು ಆಳವನ್ನು ಮಾತ್ರ ಕೇಳಿ ಸ್ಥಾನವನ್ನು ಮರೆಯುತ್ತಾರೆ.

ಇಂಟರ್‌ನೆಟ್‌ನಲ್ಲಿ ಸ್ಟಿಕ್ಕಿನ ಬಾಗಿನ ಬಗ್ಗೆ ಹುಡುಕಿದರೆ ಸಿಗುವ ಮಾಹಿತಿಯಲ್ಲಿ ಬಹುಪಾಲು ಐಸ್ ಹಾಕಿಗೆ ಸೇರಿದ್ದು. ಅದನ್ನು ಓದಿ ನಮ್ಮ ಹಾಕಿಯ ಸ್ಟಿಕ್ ಆರಿಸಿದರೆ ಗೊಂದಲ ಖಂಡಿತ. ಐಸ್ ಹಾಕಿಯಲ್ಲಿ ಬಾಗಿರುವುದು ಕೋಲಲ್ಲ, ಕೋಲಿನ ತುದಿಯಲ್ಲಿರುವ ಅಗಲವಾದ ಹಲಗೆ. ಬಾಗು ಹಲಗೆಯ ಹಿಂಬದಿಯಲ್ಲಿದೆಯೋ, ನಡುವೆ ಇದೆಯೋ, ತುದಿಯಲ್ಲಿದೆಯೋ ಎಂಬುದರ ಮೇಲೆ ಅಲ್ಲಿನ ಹೊಡೆತಗಳು ಬದಲಾಗುತ್ತವೆ. ಬೀಸಿ ಹೊಡೆಯುವವರು ಹಿಂಬದಿಯ ಬಾಗನ್ನೂ, ಮಣಿಕಟ್ಟಿನ ಚಲನೆಯಿಂದ ಹೊಡೆಯುವವರು ತುದಿಯ ಬಾಗನ್ನೂ ಇಷ್ಟಪಡುವುದು ರೂಢಿ. ಅಲ್ಲಿ ಎಡಗೈಯವರಿಗೆ ಬೇರೆ, ಬಲಗೈಯವರಿಗೆ ಬೇರೆ ಸ್ಟಿಕ್ಕುಗಳಿವೆ. ನಮ್ಮ ಹಾಕಿಯಲ್ಲಿ ಚಪ್ಪಟೆ ಮುಖ ಇರುವುದು ಎಡಬದಿಯಲ್ಲಿ ಮಾತ್ರ. ಎಡಗೈ ರೂಢಿಯವರೂ ಅದೇ ಸ್ಟಿಕ್ಕಿನಲ್ಲಿ ಆಡಬೇಕು.

ನಿಯಮದ ಮಿತಿ

ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ ಅಂದರೆ ಎಫ್‌ಐಎಚ್‌ನ ನಿಯಮದಂತೆ ಬಾಗಿನ ಆಳ 25 ಮಿಲಿಮೀಟರ್ ಮೀರುವಂತಿಲ್ಲ. ಬಾಗು ಅತಿ ಹೆಚ್ಚಾಗಿರುವ ಜಾಗ ತಲೆಯ ತಳದಿಂದ 200 ಮಿಲಿಮೀಟರ್‌ಗಿಂತ ಹತ್ತಿರದಲ್ಲಿ ಇರುವಂತಿಲ್ಲ. ಬಾಗು ಉದ್ದಕ್ಕೂ ನಯವಾಗಿ, ಮುರಿತವಿಲ್ಲದೆ ಸಾಗಬೇಕು. ಮುಖದ ಕಡೆಗೋ ಬೆನ್ನಿನ ಕಡೆಗೋ ಒಂದೇ ದಿಕ್ಕಿನಲ್ಲಿ ಇರಬೇಕು, ಎರಡೂ ಕಡೆ ಹಾವಿನಂತೆ ಬಳುಕಬಾರದು.

ಇವುಗಳ ಜೊತೆಗೆ ಇತರ ಮಿತಿಗಳೂ ಇವೆ. ಸ್ಟಿಕ್ಕಿನ ತೂಕ 737 ಗ್ರಾಂ ಮೀರಬಾರದು. ಉದ್ದ 105 ಸೆಂಟಿಮೀಟರ್ ಒಳಗಿರಬೇಕು. ಸುತ್ತಿದ ಪಟ್ಟಿಯೂ ಸೇರಿದಂತೆ ಇಡೀ ಸ್ಟಿಕ್ 51 ಮಿಲಿಮೀಟರ್ ಒಳವ್ಯಾಸದ ಬಳೆಯೊಳಗೆ ತೂರಬೇಕು. ಕೊಕ್ಕೆ ಮೇಲಕ್ಕೆ ತಿರುಗಿರುವ ಎತ್ತರ 100 ಮಿಲಿಮೀಟರ್ ಮೀರಬಾರದು.

ಇಷ್ಟು ಸಣ್ಣ ಅಳತೆಗಳಿಗೆ ಇಷ್ಟೊಂದು ಕಟ್ಟುನಿಟ್ಟು ಏಕೆ ಎಂಬ ಪ್ರಶ್ನೆ ಏಳಬಹುದು. ಬಾಗು ಹೆಚ್ಚಿದಷ್ಟೂ, ಅದು ತಲೆಯ ಹತ್ತಿರ ಬಂದಷ್ಟೂ ಚೆಂಡನ್ನು ಕವಣೆಯಲ್ಲಿಟ್ಟು ಬೀಸಿದಂತೆ ಎಸೆಯಲು ಸಾಧ್ಯವಾಗುತ್ತದೆ. ಆಗ ಆಟ ಚೆಂಡು ಹೊಡೆಯುವ ಆಟವಾಗಿ ಉಳಿಯುವುದಿಲ್ಲ. ಎದುರು ನಿಂತವರ ದೇಹಕ್ಕೂ ಅಪಾಯ ಹೆಚ್ಚುತ್ತದೆ. ಮಿತಿ ವಿಧಿಸಲು ಇದೇ ಮುಖ್ಯ ಕಾರಣ.

ಬಾಗಿನ ಅಳತೆ ಪಂದ್ಯದ ಫಲಿತಾಂಶವನ್ನೇ ತಿರುಗಿಸಿದ ಪ್ರಸಂಗವೊಂದು ಐಸ್ ಹಾಕಿಯ ಚರಿತ್ರೆಯಲ್ಲಿದೆ. 1993ರ ಸ್ಟ್ಯಾನ್ಲಿ ಕಪ್ ಫೈನಲ್ ಸರಣಿಯ ಎರಡನೇ ಪಂದ್ಯದಲ್ಲಿ ಲಾಸ್ ಏಂಜಲಿಸ್ ಕಿಂಗ್ಸ್ ತಂಡ ಮಾಂಟ್ರಿಯಲ್ ಕೆನೇಡಿಯನ್ಸ್ ವಿರುದ್ಧ 2-1ರಿಂದ ಮುಂದಿತ್ತು. ಪಂದ್ಯ ಮುಗಿಯಲು ಎರಡು ನಿಮಿಷಕ್ಕಿಂತ ಕಡಿಮೆ ಸಮಯ ಉಳಿದಿದ್ದಾಗ ಮಾಂಟ್ರಿಯಲ್ ತರಬೇತುದಾರ ಜಾಕ್ ಡೆಮರ್ಸ್ ಅವರು ಕಿಂಗ್ಸ್ ತಂಡದ ಮಾರ್ಟಿ ಮೆಕ್‌ಸಾರ್ಲಿ ಅವರ ಸ್ಟಿಕ್ಕನ್ನು ಅಳೆಯಬೇಕೆಂದು ಕೇಳಿದರು. ಬಾಗು ಮಿತಿ ಮೀರಿರುವುದು ಕಂಡುಬಂತು. ಆಟಗಾರ ಶಿಕ್ಷೆಯಾಗಿ ಹೊರಗೆ ಕೂರಬೇಕಾಯಿತು. ಆ ಅವಧಿಯಲ್ಲೇ ಮಾಂಟ್ರಿಯಲ್ ಗೋಲು ಸಮ ಮಾಡಿ, ಹೆಚ್ಚುವರಿ ಅವಧಿಯಲ್ಲಿ ಪಂದ್ಯವನ್ನೂ ಗೆದ್ದು, ಕೊನೆಗೆ ಸರಣಿಯನ್ನು 4-1ರಿಂದ ತನ್ನದಾಗಿಸಿಕೊಂಡಿತು. ಕೆಲವು ಮಿಲಿಮೀಟರ್‌ಗಳ ಬೆಲೆ ಅಷ್ಟಿತ್ತು.

ಮರದಿಂದ ಕಾರ್ಬನ್‌ವರೆಗೆ

ಹಿಂದೆ ಹಾಕಿ ಸ್ಟಿಕ್ಕುಗಳು ಹಿಪ್ಪುನೇರಳೆ ಮರದಿಂದ ತಯಾರಾಗುತ್ತಿದ್ದವು. ರೇಷ್ಮೆ ಹುಳುವಿಗೆ ಸೊಪ್ಪು ಕೊಡುವ ಜಾತಿಯ ಮರವೇ ಇದು. ಈ ಮರ ಬಾಗುತ್ತದೆ, ಬೇಗ ಸೀಳುವುದಿಲ್ಲ. ಅವಿಭಜಿತ ಪಂಜಾಬಿನ ಸಿಯಾಲ್‌ಕೋಟ್ ಇದರ ದೊಡ್ಡ ಕೇಂದ್ರವಾಗಿತ್ತು. 1947ರ ವಿಭಜನೆಯ ಬಳಿಕ ಅಲ್ಲಿಂದ ಬಂದ ಕುಶಲಕರ್ಮಿಗಳಿಂದ ಜಲಂಧರ್ ನಗರ ಭಾರತದ ಕ್ರೀಡಾ ಸಾಮಗ್ರಿಗಳ ಕೇಂದ್ರವಾಗಿ ಬೆಳೆಯಿತು.

ಮೊದಲ ಕಾಲದ ಇಂಗ್ಲಿಷ್ ಸ್ಟಿಕ್ಕುಗಳ ಕೊಕ್ಕೆ ಉದ್ದವಾಗಿರುತ್ತಿತ್ತು. ಚೆಂಡನ್ನು ಎಡಕ್ಕೂ ಬಲಕ್ಕೂ ಸ್ಟಿಕ್ ತಿರುಗಿಸುತ್ತ ಒಯ್ಯುವ ಭಾರತೀಯ ಶೈಲಿಗೆ ಅದು ಒಗ್ಗುತ್ತಿರಲಿಲ್ಲ. ಕೊಕ್ಕೆಯನ್ನು ಮೊಟಕು ಮಾಡಿ, ತಿರುವನ್ನು ಬಿಗಿಗೊಳಿಸಿದ ಆಕಾರ ಉಪಖಂಡದ ಆಟದೊಂದಿಗೇ ಜಗತ್ತಿಗೆ ಹಬ್ಬಿತು. ಅಂದರೆ ಆಟದ ಶೈಲಿ ಬದಲಾದಾಗ ಸ್ಟಿಕ್ಕಿನ ಆಕಾರವೂ ಬದಲಾಗುವುದು ಹೊಸತೇನಲ್ಲ.

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ನಡೆಯಿತು. ಚೆಂಡಿನ ವೇಗ ಹೆಚ್ಚಿತು, ಪುಟಿತ ಕಡಿಮೆಯಾಯಿತು. ಅನಂತರದ ದಶಕಗಳಲ್ಲಿ ಮರದ ಜಾಗವನ್ನು ಫೈಬರ್ ಗಾಜು, ಅರಾಮಿಡ್ ಮತ್ತು ಕಾರ್ಬನ್ ಎಳೆಗಳ ಮಿಶ್ರಣ ಆಕ್ರಮಿಸಿತು. ಮರವನ್ನು ಒಂದು ಮಿತಿಯವರೆಗೆ ಮಾತ್ರ ಬಗ್ಗಿಸಬಹುದು, ಬಗ್ಗಿಸಿದ್ದೂ ಮಳೆಗೆ ಬಿಸಿಲಿಗೆ ಬದಲಾಗುತ್ತದೆ. ಅಚ್ಚಿನಲ್ಲಿ ಎರಕಗೊಂಡ ಸ್ಟಿಕ್ಕಿಗೆ ಬೇಕಾದ ಜಾಗದಲ್ಲಿ ಬೇಕಾದಷ್ಟು ಬಾಗು ಕೊಡಬಹುದು, ಅದು ಹಾಗೆಯೇ ಉಳಿಯುತ್ತದೆ. ಬಾಗಿನ ಆಯ್ಕೆ ಎಂಬ ಪ್ರಶ್ನೆ ಸಾಮಾನ್ಯ ಆಟಗಾರನ ಮುಂದೆ ಬಂದದ್ದು ಹೀಗೆ.

ಮಾರುಕಟ್ಟೆಯಲ್ಲಿ ಮೂರು ಬಗೆ

ಕಂಪನಿಗಳು ತಮ್ಮ ತಮ್ಮ ಹೆಸರುಗಳನ್ನು ಇಟ್ಟುಕೊಂಡಿದ್ದರೂ ಸ್ಥೂಲವಾಗಿ ಮೂರು ವರ್ಗಗಳನ್ನು ಮಾಡಬಹುದು.

1. ಸಾಧಾರಣ ಬಾಗು: ಆಳ ಸುಮಾರು 20 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ. ಬಾಗಿನ ಶಿಖರ ತಲೆಯಿಂದ ಸುಮಾರು 300 ಮಿಲಿಮೀಟರ್ ಅಥವಾ ಅದಕ್ಕೂ ಮೇಲೆ.

2. ಮಧ್ಯಮ ಬಾಗು: ಆಳ 20ರಿಂದ 24 ಮಿಲಿಮೀಟರ್ ನಡುವೆ. ಶಿಖರ ಸುಮಾರು 250 ಮಿಲಿಮೀಟರ್ ಆಸುಪಾಸಿನಲ್ಲಿ.

3. ತಗ್ಗಿನ ಬಾಗು, ಅಂದರೆ ಲೋ ಬೋ: ಆಳ 24ರಿಂದ 25 ಮಿಲಿಮೀಟರ್, ಅಂದರೆ ಮಿತಿಯ ಅಂಚಿನಲ್ಲಿ. ಶಿಖರ 200 ಮಿಲಿಮೀಟರ್‌ಗೆ ಸಮೀಪ, ಅಂದರೆ ಅದೂ ಮಿತಿಯ ಅಂಚಿನಲ್ಲೇ.

ಒಂದು ಕಂಪನಿಯ ‘ಮಧ್ಯಮ’ ಇನ್ನೊಂದರ ‘ತಗ್ಗು’ ಆಗಿರುವುದೂ ಉಂಟು. ಆದ್ದರಿಂದ ಹೆಸರನ್ನು ನಂಬದೆ ಆಳ ಮತ್ತು ಸ್ಥಾನ ಎರಡರ ಅಂಕಿಗಳನ್ನೂ ನೋಡುವುದು ಉಚಿತ.

ಚೆಂಡಿಗೆ ಏನಾಗುತ್ತದೆ?

ಸ್ಟಿಕ್ಕನ್ನು ನೆಟ್ಟಗೆ ಹಿಡಿದು, ಮುಖವನ್ನು ಗುರಿಯ ಕಡೆ ತಿರುಗಿಸಿದ್ದೇವೆ ಎಂದುಕೊಳ್ಳೋಣ. ಬಾಗಿನ ಶಿಖರ ಗುರಿಯಿಂದ ಹಿಂದಕ್ಕೆ ಸರಿದಿರುತ್ತದೆ. ಅಲ್ಲಿಂದ ತಲೆಯವರೆಗಿನ ಭಾಗ ಮುಂದಕ್ಕೆ ಚಾಚಿಕೊಂಡಿರುತ್ತದೆ. ಇದರಿಂದ ತಲೆಯ ಮುಖ ನೇರವಾಗಿ ಗುರಿಯನ್ನು ನೋಡದೆ ಸ್ವಲ್ಪ ಆಕಾಶದ ಕಡೆ ನೋಡುತ್ತದೆ. ಚೆಂಡು ಮೇಲೇಳುವುದರ ಮೂಲ ಇದೇ.

ಎಷ್ಟು ಮೇಲೆ ನೋಡುತ್ತದೆ ಎಂಬುದನ್ನು ಸರಳ ಲೆಕ್ಕದಿಂದ ಅಂದಾಜು ಮಾಡಬಹುದು. 20 ಮಿಲಿಮೀಟರ್ ಬಾಗು 300 ಮಿಲಿಮೀಟರ್ ದೂರದಲ್ಲಿ ಇಳಿಯುವುದಾದರೆ ಇಳಿಜಾರು ಸುಮಾರು 4 ಡಿಗ್ರಿ. 25 ಮಿಲಿಮೀಟರ್ ಬಾಗು 200 ಮಿಲಿಮೀಟರ್ ದೂರದಲ್ಲೇ ಇಳಿಯಬೇಕಾದರೆ ಇಳಿಜಾರು ಸುಮಾರು 7 ಡಿಗ್ರಿ. ಆಳ ಹೆಚ್ಚಿದ್ದು ಕೇವಲ 5 ಮಿಲಿಮೀಟರ್. ಆದರೆ ಮುಖದ ಓರೆ ಹೆಚ್ಚುಕಡಿಮೆ ಇಮ್ಮಡಿಯಾಯಿತು.

ಚೆಂಡು ನೆಲಕ್ಕಂಟಿ ಹೋಗಬೇಕಾದರೆ ಆಟಗಾರ ಈ ಓರೆಯನ್ನು ಸರಿದೂಗಿಸಬೇಕು. ಅದಕ್ಕಿರುವ ಉಪಾಯ ಒಂದೇ: ಹೊಡೆಯುವ ಕ್ಷಣದಲ್ಲಿ ಹಿಡಿದ ಕೈಗಳು ಚೆಂಡಿಗಿಂತ ಮುಂದಿರಬೇಕು. 36.5 ಅಂಗುಲದ, ಅಂದರೆ ಸುಮಾರು 93 ಸೆಂಟಿಮೀಟರ್ ಉದ್ದದ ಸ್ಟಿಕ್ಕಿನಲ್ಲಿ 4 ಡಿಗ್ರಿಯನ್ನು ಸರಿದೂಗಿಸಲು ಹಿಡಿಯ ತುದಿ ಸುಮಾರು 6 ಸೆಂಟಿಮೀಟರ್ ಮುಂದಿದ್ದರೆ ಸಾಕು. 7 ಡಿಗ್ರಿಗೆ ಅದು 11ರಿಂದ 12 ಸೆಂಟಿಮೀಟರ್ ಮುಂದಿರಬೇಕು. ನಿಂತು ನಿಧಾನವಾಗಿ ಹೊಡೆಯುವಾಗ ಇದು ಕಷ್ಟವಲ್ಲ. ಓಡುತ್ತಿರುವಾಗ, ಎದುರಾಳಿ ಮೈಮೇಲೆ ಬರುತ್ತಿರುವಾಗ, ಆಯಾಸವಾದ ಕೊನೆಯ ಹತ್ತು ನಿಮಿಷಗಳಲ್ಲಿ ಕೈ ಆ ಐದಾರು ಸೆಂಟಿಮೀಟರ್ ಹಿಂದೆ ಉಳಿದುಬಿಡುತ್ತದೆ. ಚೆಂಡು ಏಳುತ್ತದೆ.

ಡ್ರ್ಯಾಗ್ ಫ್ಲಿಕ್‌ನ ಗುಟ್ಟು

ಹಾಗಾದರೆ ತಗ್ಗಿನ ಬಾಗಿನ ಸ್ಟಿಕ್ ಯಾರಿಗೆ ಬೇಕು? ಅದರ ಉತ್ತರ ಪೆನಾಲ್ಟಿ ಕಾರ್ನರ್ ನಿಯಮದಲ್ಲಿದೆ. ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲಿಗೆ ಹೊಡೆಯುವ ಮೊದಲ ಹೊಡೆತ ‘ಹಿಟ್’ ಆಗಿದ್ದರೆ ಚೆಂಡು 460 ಮಿಲಿಮೀಟರ್‌ಗಿಂತ ಮೇಲೆ ಗೋಲುಗೆರೆ ದಾಟುವಂತಿಲ್ಲ. ಗೋಲಿನ ಹಿಂಬದಿಯ ಹಲಗೆಯ ಎತ್ತರ ಇಷ್ಟೇ. ಆದರೆ ಬೀಸದೆ, ಚೆಂಡನ್ನು ಸ್ಟಿಕ್ಕಿಗೆ ತಾಗಿಸಿಕೊಂಡೇ ತಳ್ಳುವ ಅಥವಾ ಎತ್ತಿ ಎಸೆಯುವ ಫ್ಲಿಕ್‌ಗೆ ಈ ಮಿತಿಯಿಲ್ಲ. ಗೋಲಿನ ಎತ್ತರ 2.14 ಮೀಟರ್, ಅಗಲ 3.66 ಮೀಟರ್. ಹಿಟ್ ಹೊಡೆಯುವವನಿಗೆ ಗೋಲಿನ ಕೆಳಗಿನ ಐದನೇ ಒಂದಂಶ ಮಾತ್ರ ತೆರೆದಿದ್ದರೆ, ಫ್ಲಿಕ್ ಮಾಡುವವನಿಗೆ ಇಡೀ ಗೋಲೇ ತೆರೆದಿರುತ್ತದೆ.

1990ರ ದಶಕದ ಮೊದಲ ಭಾಗದಲ್ಲಿ ನೆದರ್ಲೆಂಡ್ಸ್‌ನ ಫ್ಲೋರಿಸ್ ಯಾನ್ ಬೋವೆಲಾಂಡರ್ ಅವರಂಥವರು ಬಲವಾದ ಹಿಟ್‌ನಿಂದಲೇ ಗೋಲು ಗಳಿಸುತ್ತಿದ್ದರು. ಆಮೇಲೆ ಡ್ರ್ಯಾಗ್ ಫ್ಲಿಕ್ ಆ ಜಾಗವನ್ನು ಆಕ್ರಮಿಸಿತು. ಪಾಕಿಸ್ತಾನದ ಸೊಹೈಲ್ ಅಬ್ಬಾಸ್ ಈ ಕಲೆಯಿಂದಲೇ 348 ಅಂತರರಾಷ್ಟ್ರೀಯ ಗೋಲುಗಳ ಗಡಿ ಮುಟ್ಟಿದರು. ಭಾರತದಲ್ಲಿ ಸಂದೀಪ್ ಸಿಂಗ್, ಕೊಡಗಿನ ವಿ.ಆರ್. ರಘುನಾಥ್, ರೂಪಿಂದರ್ ಪಾಲ್ ಸಿಂಗ್ ಈ ಪರಂಪರೆಯನ್ನು ಮುಂದುವರಿಸಿದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್‌ನಲ್ಲಿ ಆಸ್ಟ್ರೇಲಿಯವನ್ನು ಭಾರತದ ವನಿತೆಯರು 1-0ರಿಂದ ಮಣಿಸಿದ್ದು ಗುರ್ಜಿತ್ ಕೌರ್ ಅವರ ಪೆನಾಲ್ಟಿ ಕಾರ್ನರ್ ಗೋಲಿನಿಂದ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತ ಕಂಚು ಗೆದ್ದಾಗ ನಾಯಕ ಹರ್ಮನ್‌ಪ್ರೀತ್ ಸಿಂಗ್ 10 ಗೋಲು ಗಳಿಸಿ ಟೂರ್ನಿಯ ಗರಿಷ್ಠ ಸ್ಕೋರರ್ ಆದರು.

ಡ್ರ್ಯಾಗ್ ಫ್ಲಿಕ್‌ನಲ್ಲಿ ಆಟಗಾರ ಚೆಂಡನ್ನು ದೇಹದ ಹಿಂದೆ, ಬಲಪಾದದ ಬಳಿ, ಕೊಕ್ಕೆಗಿಂತ ಸ್ವಲ್ಪ ಮೇಲೆ ಸ್ಟಿಕ್ಕಿನ ಕೋಲಿಗೆ ತಾಗಿಸಿ ಎತ್ತಿಕೊಳ್ಳುತ್ತಾನೆ. ಎಡಗಾಲನ್ನು ದೂರ ಚಾಚಿ, ದೇಹವನ್ನು ತಗ್ಗಿಸಿ, ಸೊಂಟ ಮತ್ತು ಭುಜವನ್ನು ತಿರುಗಿಸುತ್ತ ಚೆಂಡನ್ನು ಎಳೆಯುತ್ತಾನೆ. ಎಳೆಯುತ್ತಿರುವಾಗ ಚೆಂಡು ಕೋಲಿನಿಂದ ಕೊಕ್ಕೆಯ ಕಡೆಗೆ ಜಾರುತ್ತದೆ. ಚೆಂಡು ಸ್ಟಿಕ್ಕಿಗೆ ಅಂಟಿಕೊಂಡು ಎಷ್ಟು ದೂರ ಸಾಗುತ್ತದೋ ಅಷ್ಟು ವೇಗ ಪಡೆಯುತ್ತದೆ. ಇಲ್ಲಿ ಬಾಗು ತೊಟ್ಟಿಲಿನಂತೆ ಕೆಲಸ ಮಾಡುತ್ತದೆ. ಚೆಂಡನ್ನು ಎತ್ತಿಕೊಳ್ಳುವ ಜಾಗದಲ್ಲೇ ಬಾಗಿನ ಶಿಖರ ಇದ್ದರೆ ಚೆಂಡು ಜಾರಿ ತಪ್ಪಿಹೋಗುವುದಿಲ್ಲ. ಕೊನೆಯಲ್ಲಿ ಬಿಡುವಾಗ ಓರೆಯಾದ ಮುಖ ಅದನ್ನು ತಾನೇ ಮೇಲಕ್ಕೆ ಎತ್ತುತ್ತದೆ. ಹಿಟ್‌ನಲ್ಲಿ ದೋಷವಾಗಿದ್ದ ಓರೆ ಇಲ್ಲಿ ಗುಣವಾಗುತ್ತದೆ.

ಆದರೆ ಒಂದು ಮಾತನ್ನು ಮರೆಯಬಾರದು. ಫ್ಲಿಕ್‌ನ ವೇಗದ ದೊಡ್ಡ ಪಾಲು ಬರುವುದು ಕಾಲಿನ ಚಾಚು, ಸೊಂಟದ ತಿರುವು ಮತ್ತು ಸಾವಿರಾರು ಬಾರಿಯ ಅಭ್ಯಾಸದಿಂದ. ಬಾಗು ಆ ಅಭ್ಯಾಸಕ್ಕೆ ನೆರವಾಗಬಲ್ಲದು, ಅದರ ಬದಲಿಗೆ ನಿಲ್ಲಲಾರದು.

ಉಳಿದ ಹೊಡೆತಗಳು

ಹಿಟ್: ಗಟ್ಟಿಯಾಗಿ, ನೆಲಮಟ್ಟದಲ್ಲಿ, ನೇರವಾಗಿ ಹೋಗಬೇಕಾದ ಹೊಡೆತ. ಸಾಧಾರಣ ಬಾಗು ಇದಕ್ಕೆ ಅತ್ಯಂತ ಅನುಕೂಲ. ಹದಿನಾರು ಗಜದ ಹಿಟ್ ತೆಗೆದುಕೊಳ್ಳುವ ರಕ್ಷಣಾ ಆಟಗಾರನಿಗೆ ಇದೇ ಪ್ರಧಾನ ಅಸ್ತ್ರ.

ಪುಷ್ ಮತ್ತು ಸ್ಲ್ಯಾಪ್: ಪುಷ್‌ನಲ್ಲಿ ಚೆಂಡು ಸ್ಟಿಕ್ಕಿಗೆ ತಾಗಿಕೊಂಡೇ ಹೊರಡುತ್ತದೆ. ಮಧ್ಯಮ ಬಾಗು ಇದಕ್ಕೆ ಒಪ್ಪುತ್ತದೆ. ನೆಲಕ್ಕೆ ಸವರಿದಂತೆ ಬೀಸುವ ಸ್ಲ್ಯಾಪ್‌ಗೆ ತಗ್ಗಿನ ಬಾಗು ಬಳಸಿದರೆ ಕೈ ಮುಂದಿಡುವುದನ್ನು ವಿಶೇಷವಾಗಿ ರೂಢಿಸಿಕೊಳ್ಳಬೇಕು.

ಚೆಂಡು ತಡೆಯುವುದು: ಇದು ಹೊಡೆತವಲ್ಲದಿದ್ದರೂ ಪ್ರತಿ ಹೊಡೆತಕ್ಕೂ ಮೊದಲು ನಡೆಯಬೇಕಾದ ಕ್ರಿಯೆ. ಸ್ಟಿಕ್ಕನ್ನು ನೆಲಕ್ಕೆ ಮಲಗಿಸಿ ತಡೆಯುವಾಗ ನೇರವಾದ ಸ್ಟಿಕ್ ನೆಲಕ್ಕೆ ಹೆಚ್ಚು ಒತ್ತಾಗಿ ಕೂರುತ್ತದೆ. ಮುಖ ಆಕಾಶ ನೋಡುತ್ತಿದ್ದರೆ ವೇಗವಾಗಿ ಬಂದ ಚೆಂಡು ಸ್ಟಿಕ್ಕನ್ನು ಹತ್ತಿ ಮೇಲೆ ಚಿಮ್ಮುವ ಸಂಭವವೂ ಇದೆ.

ರಿವರ್ಸ್ ಹಿಟ್: ಸ್ಟಿಕ್ಕನ್ನು ತಿರುಗಿಸಿ, ನೆಲಕ್ಕೆ ಸಮನಾಗಿ ತಂದು, ಅಂಚಿನಿಂದ ಹೊಡೆಯುವ ಈ ಹೊಡೆತವನ್ನು ವೃತ್ತದ ಎಡಬದಿಯಿಂದ ಗೋಲಿಗೆ ಗುರಿಯಿಡುವ ಮುಂಚೂಣಿ ಆಟಗಾರರು ಹೆಚ್ಚು ಬಳಸುತ್ತಾರೆ. ಮಧ್ಯಮ ಅಥವಾ ತಗ್ಗಿನ ಬಾಗಿನಲ್ಲಿ ಚೆಂಡು ಸುಲಭವಾಗಿ ಮೇಲೇಳುತ್ತದೆ. ನಿಯಂತ್ರಣ ಮಾತ್ರ ಅಭ್ಯಾಸದಿಂದಲೇ ಬರಬೇಕು.

ಏರಿಯಲ್ ಮತ್ತು ಎತ್ತಿಕೊಂಡು ಹೋಗುವ ಚಳಕ: ಎದುರಾಳಿಯ ಸ್ಟಿಕ್ಕಿನ ಮೇಲಿಂದ ಚೆಂಡನ್ನು ಹಾರಿಸುವುದು, ಮೈದಾನದ ಇನ್ನೊಂದು ತುದಿಗೆ ಎತ್ತಿ ಎಸೆಯುವುದು ಇಂದಿನ ಆಟದ ಅವಿಭಾಜ್ಯ ಅಂಗ. ಇವೆರಡಕ್ಕೂ ಬಾಗು ಸಹಾಯಕ. ಏರಿಯಲ್ ಹೊಣೆ ಹೊತ್ತ ರಕ್ಷಣಾ ಆಟಗಾರರು ಮಧ್ಯಮ ಬಾಗನ್ನು ಆರಿಸಿಕೊಳ್ಳುವುದಕ್ಕೆ ಇದೇ ಕಾರಣ.

ಮೈದಾನವನ್ನೂ ಲೆಕ್ಕಕ್ಕೆ ಹಿಡಿಯಬೇಕು

ತಗ್ಗಿನ ಬಾಗಿನ ಎಲ್ಲ ಅನುಕೂಲಗಳೂ ನೀರು ಹಾಯಿಸಿದ ನಯವಾದ ಟರ್ಫ್‌ಗೆ ಸೇರಿದವು. ಡ್ರ್ಯಾಗ್ ಫ್ಲಿಕ್‌ನಲ್ಲಿ ಚೆಂಡನ್ನು ನೆಲದ ಮೇಲೆ ಎಳೆಯಬೇಕಾಗುತ್ತದೆ. ಹುಲ್ಲು ಅಥವಾ ಮಣ್ಣಿನ ಮೈದಾನದಲ್ಲಿ ಒಂದು ಸಣ್ಣ ಕಲ್ಲು, ಒಂದು ಗುಳಿ ಸಾಕು, ಚೆಂಡು ಸ್ಟಿಕ್ಕನ್ನು ಬಿಟ್ಟು ಹಾರುತ್ತದೆ. ಅಂಥ ನೆಲದಲ್ಲಿ ಆಟಗಾರನಿಗೆ ನಿಜವಾಗಿ ಬೇಕಾದದ್ದು ಪುಟಿದು ಬರುವ ಚೆಂಡನ್ನು ತಡೆಯುವ ನೇರ ಮುಖ ಮತ್ತು ನೆಲಮಟ್ಟದ ಹಿಟ್. ವಾರಕ್ಕೊಮ್ಮೆಯೂ ಟರ್ಫ್ ಕಾಣದ ಹುಡುಗನಿಗೆ ತಗ್ಗಿನ ಬಾಗಿನ ಸ್ಟಿಕ್ ಕೊಡಿಸುವುದು ಗದ್ದೆ ಬದುವಿನಲ್ಲಿ ರೇಸ್ ಸೈಕಲ್ ಓಡಿಸಲು ಹೇಳಿದಂತೆ.

ಕೊಡಗಿನ ಮಟ್ಟಿಗೆ ಇನ್ನೊಂದು ಅಂಶವೂ ಇದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರ ಪ್ರಯತ್ನದಿಂದ ಕರಡದಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ಒಂದೇ ತಂಡದಲ್ಲಿ ಹಿರಿಯರೂ ಹುಡುಗರೂ ಹೆಣ್ಣುಮಕ್ಕಳೂ ಕೂಡಿ ಆಡುತ್ತಾರೆ. ವರ್ಷವಿಡೀ ಅಭ್ಯಾಸ ಮಾಡಿದವರ ಎದುರು ವರ್ಷಕ್ಕೊಮ್ಮೆ ಸ್ಟಿಕ್ ಹಿಡಿದವರೂ ನಿಲ್ಲುತ್ತಾರೆ. ಆ ಆಟದ ಸೊಗಸೇ ಅದು. ಆದರೆ ಅಂಥ ಕಡೆ ಅನಿರೀಕ್ಷಿತವಾಗಿ ಎದ್ದ ಚೆಂಡಿನಿಂದ ತಪ್ಪಿಸಿಕೊಳ್ಳುವ ಚುರುಕು ಎಲ್ಲರಿಗೂ ಇರಲಾರದು. ಹಾಕಿ ಚೆಂಡಿನ ತೂಕ 156ರಿಂದ 163 ಗ್ರಾಂ, ಅದು ಕಲ್ಲಿನಷ್ಟೇ ಗಟ್ಟಿ. ಮುಖಕ್ಕೋ ಮೊಣಕಾಲಿಗೋ ಬಡಿದರೆ ಒಂದು ಸ್ಟಿಕ್ಕಿನ ಬೆಲೆಗಿಂತ ಆಸ್ಪತ್ರೆಯ ಖರ್ಚು ಹೆಚ್ಚಾಗುತ್ತದೆ. ಹಲ್ಲು, ಕಣ್ಣು ಹೋದರೆ ಯಾವ ಖರ್ಚಿನಿಂದಲೂ ಮರಳುವುದಿಲ್ಲ.

ಈ ವಿಷಯದಲ್ಲಿ ನಿಯಮವೂ ಸ್ಪಷ್ಟ. ಗೋಲಿಗೆ ಹೊಡೆಯುವ ಸಂದರ್ಭವನ್ನು ಬಿಟ್ಟು ಹಿಟ್‌ನಿಂದ ಉದ್ದೇಶಪೂರ್ವಕವಾಗಿ ಚೆಂಡನ್ನು ಎಬ್ಬಿಸುವಂತಿಲ್ಲ. ಎದುರಾಳಿ ತಪ್ಪಿಸಿಕೊಳ್ಳಲೇಬೇಕಾದಂತೆ ಚೆಂಡು ಬಂದರೆ ಅದು ಅಪಾಯಕಾರಿ ಆಟ. 5 ಮೀಟರ್ ಒಳಗಿರುವ ಎದುರಾಳಿಯತ್ತ ಚೆಂಡನ್ನು ಎತ್ತಿ ಎಸೆಯುವುದನ್ನೂ ಅಪಾಯವೆಂದೇ ಪರಿಗಣಿಸಲಾಗುತ್ತದೆ. ‘ನಾನು ಬೇಕೆಂದು ಎಬ್ಬಿಸಲಿಲ್ಲ, ಸ್ಟಿಕ್ಕೇ ಹಾಗಿದೆ’ ಎಂಬ ಸಮಜಾಯಿಷಿ ಅಂಪೈರ್ ಮುಂದೆ ನಡೆಯದು.

ಯಾರಿಗೆ ಯಾವುದು?

ಆಟ ಕಲಿಯಲು ಆರಂಭಿಸಿದ ಮಕ್ಕಳಿಗೆ ಸಾಧಾರಣ ಬಾಗಿನ ಸ್ಟಿಕ್ಕೇ ಸರಿ. ನೇರವಾಗಿ ಹೊಡೆಯುವುದು, ನಿಶ್ಚಲವಾಗಿ ತಡೆಯುವುದು ಎಂಬ ಎರಡು ಪಾಠಗಳು ಮೈಗೂಡುವ ಮೊದಲು ಬೇರೆ ಬಾಗು ಕೈಗೆ ಬಂದರೆ ಮಗು ಸ್ಟಿಕ್ಕಿನ ದೋಷವನ್ನು ಸರಿದೂಗಿಸಲು ತಪ್ಪು ಭಂಗಿ ಕಲಿಯುತ್ತದೆ. ಅದನ್ನು ಮುಂದೆ ತಿದ್ದುವುದು ಕಷ್ಟ.

ರಕ್ಷಣಾ ಆಟಗಾರರಿಗೆ ಸಾಧಾರಣ ಬಾಗು. ಏರಿಯಲ್ ಬಳಸುವವರಾದರೆ ಮಧ್ಯಮ.

ಮಿಡ್‌ಫೀಲ್ಡ್ ಆಟಗಾರರು ಎಲ್ಲ ಬಗೆಯ ಕೆಲಸವನ್ನೂ ಮಾಡಬೇಕಾಗಿರುವುದರಿಂದ ಮಧ್ಯಮ ಬಾಗು ಸೂಕ್ತ.

ಮುಂಚೂಣಿ ಆಟಗಾರರಲ್ಲಿ ಚೆಂಡನ್ನು ಎತ್ತಿ ಸಾಗುವ, ರಿವರ್ಸ್ ಹಿಟ್ ಬಳಸುವವರಿಗೆ ಮಧ್ಯಮ ಅಥವಾ ತಗ್ಗು. ಓಟ ಮತ್ತು ಸರಳ ಹೊಡೆತವನ್ನೇ ನೆಚ್ಚಿದವರಿಗೆ ಮಧ್ಯಮವೇ ಸಾಕು.

ತಂಡದ ಪೆನಾಲ್ಟಿ ಕಾರ್ನರ್ ಫ್ಲಿಕ್ ಹೊಣೆ ಹೊತ್ತು, ಟರ್ಫ್ ಮೇಲೆ ನಿಯಮಿತವಾಗಿ ಅಭ್ಯಾಸ ಮಾಡುವವರಿಗೆ ಮಾತ್ರ ತಗ್ಗಿನ ಬಾಗು ಹಾಕಿದ ಹಣಕ್ಕೆ ನ್ಯಾಯ ಒದಗಿಸುತ್ತದೆ. ಹನ್ನೊಂದು ಮಂದಿಯ ತಂಡದಲ್ಲಿ ಇಂಥವರು ಒಬ್ಬಿಬ್ಬರು.

ಬಾಗಿನ ಜೊತೆಗೆ ಸ್ಟಿಕ್ಕಿನ ಗಡಸುತನವನ್ನೂ ನೋಡಬೇಕು. ಕಾರ್ಬನ್ ಪ್ರಮಾಣ ಹೆಚ್ಚಿದಷ್ಟೂ ಸ್ಟಿಕ್ ಗಡಸಾಗುತ್ತದೆ. ಹೊಡೆತಕ್ಕೆ ಬಲ ಸಿಗುತ್ತದೆ, ಆದರೆ ಬಂದ ಚೆಂಡು ಸ್ಟಿಕ್ಕಿಗೆ ತಾಗಿ ಸಿಡಿದು ದೂರ ಹೋಗುತ್ತದೆ. ಹೆಚ್ಚು ಕಾರ್ಬನ್ ಮತ್ತು ತಗ್ಗಿನ ಬಾಗು ಎರಡೂ ಸೇರಿದ ಸ್ಟಿಕ್ ಪಳಗದ ಕೈಯಲ್ಲಿ ಅತ್ಯಂತ ಕಷ್ಟದ ಜೋಡಿ. ದುರದೃಷ್ಟವಶಾತ್ ಅಂಗಡಿಯಲ್ಲಿ ಅತಿ ದುಬಾರಿ ಸ್ಟಿಕ್ಕುಗಳು ಹೆಚ್ಚಾಗಿ ಇಂಥವೇ. ಬೆಲೆ ಹೆಚ್ಚಿದ್ದು ಮಗುವಿಗೆ ಒಳ್ಳೆಯದು ಎಂಬ ಲೆಕ್ಕಾಚಾರ ಇಲ್ಲಿ ತಲೆಕೆಳಗಾಗುತ್ತದೆ.

ಅಂಗಡಿಯಲ್ಲಿ ಪರೀಕ್ಷೆ

ಅಂಗಡಿಗೆ ಹೋಗುವಾಗ ಒಂದು ಅಳತೆಪಟ್ಟಿ ಮತ್ತು ಸರಿಯಾಗಿ 25 ಮಿಲಿಮೀಟರ್ ಅಗಲಕ್ಕೆ ಕತ್ತರಿಸಿದ ದಪ್ಪ ರಟ್ಟಿನ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡರೆ ಸಾಕು.

ಮೊದಲು ಸ್ಟಿಕ್ಕನ್ನು ಮುಖ ಕೆಳಗಾಗಿ ಗಾಜಿನ ಮೇಜಿನ ಮೇಲೆ ಮಲಗಿಸಬೇಕು. ರಟ್ಟನ್ನು ಅದರ ಅಗಲ ನೆಟ್ಟಗೆ ನಿಲ್ಲುವಂತೆ ಹಿಡಿದು ಸ್ಟಿಕ್ಕಿನ ಅಡಿಯಲ್ಲಿ ತೂರಿಸಲು ಯತ್ನಿಸಬೇಕು. ಎಲ್ಲಿಯಾದರೂ ಸರಾಗವಾಗಿ ತೂರಿದರೆ ಬಾಗು ಮಿತಿ ಮೀರಿದೆ, ಆ ಸ್ಟಿಕ್ ಪಂದ್ಯಕ್ಕೆ ಬಾರದು. ಎರಡನೆಯದಾಗಿ, ಸಂದಿ ಅತಿ ಹೆಚ್ಚಾಗಿರುವ ಜಾಗವನ್ನು ಗುರುತಿಸಿ ಅಲ್ಲಿಂದ ತಲೆಯ ತಳದವರೆಗಿನ ದೂರವನ್ನು ಅಳೆಯಬೇಕು. 200 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಅದೂ ನಿಯಮಬಾಹಿರ. ಮೂರನೆಯದಾಗಿ, ಸ್ಟಿಕ್ಕನ್ನು ಆಡುವ ಭಂಗಿಯಲ್ಲಿ ಹಿಡಿದು ಮೇಲಿನಿಂದ ನೋಡಬೇಕು. ಮುಖ ನೇರವಾಗಿ ಕಾಣಲು ಕೈಯನ್ನು ಎಷ್ಟು ಮುಂದಕ್ಕೆ ತಳ್ಳಬೇಕಾಯಿತು ಎಂಬುದನ್ನು ಗಮನಿಸಬೇಕು. ಅದು ಅಸಹಜವೆನಿಸಿದರೆ ಆ ಬಾಗು ನಿಮ್ಮದಲ್ಲ.

ಸಾಧ್ಯವಿದ್ದಲ್ಲಿ ಜೊತೆಗಾರರ ಸ್ಟಿಕ್ ಎರವಲು ಪಡೆದು ಪರೀಕ್ಷಿಸುವುದು ಇನ್ನೂ ಉತ್ತಮ. 20 ಹಿಟ್ ಹೊಡೆದು ಎಷ್ಟು ಚೆಂಡುಗಳು ಗೋಲಿನ ಹಿಂಬದಿಯ ಹಲಗೆಗಿಂತ ಮೇಲೆ ಹೋದವು ಎಂದು ಎಣಿಸಬೇಕು. ಅನಂತರ 20 ಫ್ಲಿಕ್ ಮಾಡಿ ಎಷ್ಟು ಗುರಿ ಮುಟ್ಟಿದವು ಎಂದು ಎಣಿಸಬೇಕು. ಎರಡು ಬಗೆಯ ಸ್ಟಿಕ್ಕಿನಲ್ಲೂ ಹೀಗೆ ಮಾಡಿ ಅಂಕಿಗಳನ್ನು ಪಕ್ಕದಲ್ಲಿ ಬರೆದುಕೊಂಡರೆ ಯಾವುದು ತಮಗೆ ಹೊಂದುತ್ತದೆಂದು ಯಾರನ್ನೂ ಕೇಳಬೇಕಾಗಿಲ್ಲ.

ಒಂದು ಬಾಗಿನಿಂದ ಇನ್ನೊಂದಕ್ಕೆ ಬದಲಾಯಿಸುವವರು ಹಂತ ಹಂತವಾಗಿ ಸಾಗುವುದು ಲೇಸು. ಸಾಧಾರಣದಿಂದ ನೇರವಾಗಿ ತಗ್ಗಿಗೆ ಜಿಗಿಯುವ ಬದಲು ಒಂದು ಋತು ಮಧ್ಯಮ ಬಾಗಿನಲ್ಲಿ ಆಡಬಹುದು. ಹೊಸ ಸ್ಟಿಕ್ಕನ್ನು ಟೂರ್ನಿಯ ಹಿಂದಿನ ದಿನ ಕೈಗೆತ್ತಿಕೊಳ್ಳದೆ ಕೆಲವು ವಾರ ಮೊದಲೇ ಅಭ್ಯಾಸಕ್ಕೆ ತರಬೇಕು.

ಹಾಕಿ ಇಂದು ದುಬಾರಿ ಆಟವಾಗುತ್ತಿದೆ. ಒಂದು ಸ್ಟಿಕ್ ಕೊಳ್ಳಲು ತಿಂಗಳ ದುಡಿಮೆಯ ಒಂದು ಪಾಲನ್ನು ಎತ್ತಿಡುವ ಮನೆಗಳು ನಮ್ಮ ನಡುವೆ ಬೇಕಾದಷ್ಟಿವೆ. ಆ ಹಣ ಜಾಹೀರಾತಿನ ಮಾತಿಗಲ್ಲದೆ ಆಡುವ ಕೈಗೆ, ಆಡುವ ಜಾಗಕ್ಕೆ, ಆಡುವ ನೆಲಕ್ಕೆ ಸಲ್ಲಬೇಕಾದರೆ ಕೊಳ್ಳುವ ಮೊದಲು ಒಂದೇ ಪ್ರಶ್ನೆ ಹಾಕಿಕೊಳ್ಳಬೇಕು: ಪಂದ್ಯದಲ್ಲಿ ನಾನು ಅತಿ ಹೆಚ್ಚು ಬಾರಿ ಹೊಡೆಯುವ ಹೊಡೆತ ಯಾವುದು? ಅದಕ್ಕೆ ಉತ್ತರ ಸಿಕ್ಕರೆ ಬಾಗಿನ ಆಯ್ಕೆ ತಾನಾಗಿಯೇ ಆಗುತ್ತದೆ.